ದಡಿ ಇಲ್ಲದ ಬಟ್ಟೆ

ನಾನು ಒಂದು ಬಟ್ಟೆ. ಉಡುವ ಬಟ್ಟೆಯಲ್ಲ, ಹೊದೆಯುವ ಬಟ್ಟೆಯೂ ಅಲ್ಲ. ಲೆಕ್ಕ ಮಾಡುವ ಬಟ್ಟೆ. ನನ್ನ ಮೈ ಕಪ್ಪು, ಮೈಮೇಲಿನ ಗೆರೆಗಳು ಬಿಳಿ ಎಂದು ಜನ ಹೇಳುತ್ತಾರೆ. ಅದನ್ನು ನಾನು ಕೇಳಿ ಬಲ್ಲೆ, ಅಷ್ಟೆ. ಬಟ್ಟೆಗೆ ಕಣ್ಣಿರುವುದಿಲ್ಲ. ನಾನು ಮನುಷ್ಯರನ್ನು ಗುರುತು ಹಿಡಿಯುವುದು ಅವರ ಕೈಯಿಂದ.

ನನಗೆ ಗೊತ್ತಾದ ಮೊದಲ ಕೈ ಮಾನಪ್ಪನದು. ಮಲಪ್ರಭೆಯ ಬಯಲಿನಲ್ಲಿ ನೇಕಾರರ ಊರೊಂದಿದೆ. ಅಲ್ಲಿಯ ಓಣಿಯೊಂದರಲ್ಲಿ ಅವನ ಮನೆ, ಮನೆಯ ಪಡಸಾಲೆಯಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿಮಗ್ಗ. ಅವನ ಬಲ ಅಂಗೈ ಲಾಳಿಯ ಹಗ್ಗ ಎಳೆದೂ ಎಳೆದೂ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಎಡಗೈ ಮಾತ್ರ ಮೆದು. ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವ ಕೈ ಅದು. ಎರಡನೆಯದು ಅವನ ಹೆಂಡತಿ ಕಮಲವ್ವನ ಕೈ. ಆ ಕೈಗೆ ಯಾವಾಗಲೂ ನೂಲಿಗೆ ಹಾಕುವ ಗಂಜಿಯ ವಾಸನೆ.

ಮಾನಪ್ಪ ಹುಟ್ಟಿದಾಗಿನಿಂದ ಸೀರೆ ನೇಯ್ದವನು. ಅವನ ಮಗ್ಗದ ಮೇಲೆ ನನ್ನಂಥದ್ದೊಂದು ಏರಿದ್ದಕ್ಕೆ ಕಾರಣ ಗದಿಗೆಯ್ಯ ಹಿರೇಮಠ ಅವರು. ಊರಿನ ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಅವರು ಅದೇ ಓಣಿಯ ಕೊನೆಯಲ್ಲಿ ಬಾಡಿಗೆಗೆ ಇದ್ದರು. ಒಂದು ದಿನ ಬಂದು ಮಗ್ಗದ ಪಕ್ಕ ಕುಳಿತು ತಮಗೆ ಬೇಕಾದದ್ದನ್ನು ವಿವರವಾಗಿ ಹೇಳಿದರು. ಬಟ್ಟೆಯ ತುಂಬ ಚೌಕ ಇರಬೇಕು. ನಡುವಿನಿಂದ ನಾಲ್ಕೂ ಕಡೆಗೆ ಹತ್ತು ಹತ್ತು ಚೌಕ. ಗೆರೆಗಳಿಗೆ ದಪ್ಪ ನೂಲು ಹಾಕಬೇಕು, ಬೆರಳಾಡಿಸಿದರೆ ತಿಳಿಯಬೇಕು. ನಟ್ಟನಡುವಿನ ಎರಡು ಗೆರೆ, ಅಡ್ಡದ್ದೊಂದು ಉದ್ದದ್ದೊಂದು, ಇನ್ನೂ ದಪ್ಪ ಇರಬೇಕು. ಅವೆರಡು ಸೇರುವಲ್ಲಿ ಒಂದು ಗಂಟು. ದಡಿ ಬೇಡ, ಸೆರಗು ಬೇಡ, ಬರೀ ಚೌಕ.

ಯಾಕೆ ಎಂಬುದನ್ನೂ ಅವರೇ ಹೇಳಿದರು. ಈ ವರ್ಷ ಕಾಲೇಜಿಗೆ ಗೌರಾ ಎಂಬ ಹುಡುಗಿ ಸೇರಿದ್ದಾಳೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಲೆಕ್ಕದಲ್ಲಿ ಜಾಣೆ. ಆದರೆ ಈ ವರ್ಷದ ಪಾಠದಲ್ಲಿ ಅಸಮತೆಗಳು, ಅಂದರೆ ಇದಕ್ಕಿಂತ ಹೆಚ್ಚು, ಅದಕ್ಕಿಂತ ಕಡಿಮೆ ಎಂಬ ಲೆಕ್ಕಗಳು, ಬರುತ್ತವೆ. ಗ್ರಾಫಿನ ಮೇಲೆ ಗೆರೆ ಎಳೆದು ಉತ್ತರ ಗೆರೆಯ ಯಾವ ಕಡೆ ಇದೆ ಎಂದು ತೋರಿಸಬೇಕು. ಉಳಿದವರು ಕಣ್ಣಿಂದ ನೋಡುವುದನ್ನು ಅವಳು ಕೈಯಿಂದ ನೋಡಬೇಕು.

ಮಾನಪ್ಪ ಹೂಂ ಎಂದ. ಮಾಸ್ತರು ಹೋದ ಮೇಲೆ ಮಾತ್ರ ಅವನ ಕೈ ಬಹಳ ಹೊತ್ತು ಏನೂ ಮಾಡದೆ ಹಾಸಿನ ಮೇಲೆ ಬಿದ್ದುಕೊಂಡಿತ್ತು. ನಾನು ಆಗ ಇನ್ನೂ ಬರೀ ಹಾಸು. ಉದ್ದದ ಎಳೆಗಳು ಮಾತ್ರ ಇದ್ದವು, ಅಡ್ಡದ ಹೊಕ್ಕು ಬಿದ್ದಿರಲಿಲ್ಲ.

"ದಡಿ ಬ್ಯಾಡಂತಾರ" ಎಂದ ಹೆಂಡತಿಗೆ. "ನಮ್ಮ ಮಗ್ಗದಿಂದ ದಡಿ ಇಲ್ಲದ ಅರಿವಿ ಇಳದಿಲ್ಲ. ಹೆಣದ ಮ್ಯಾಲ ಹಾಕೋ ಅರಿವಿಗಷ್ಟ ದಡಿ ಇರಂಗಿಲ್ಲ. ಓದೂ ಹುಡುಗಿ ಕೈಗೆ ಅಂಥಾದ್ದು ಹೆಂಗ ಕೊಡೂದು?"

ಕಮಲವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಲೇ, ಎರಡು ಬೆರಳಗಲ ಹಾಕಿರಿ, ಮಾಸ್ತರು ದಡಿ ನೋಡಿ ಬ್ಯಾಡಂತಾರೇನು ಎಂದಳು.

ಹೀಗೆ ನನಗೆ ದಡಿ ಬಂತು. ಎರಡೂ ಬದಿಗೆ ಎರಡು ಬೆರಳಗಲದ ಕೆಂಪು ದಡಿ, ಎರಡೂ ತುದಿಗೆ ಸೆರಗಿನ ಪಟ್ಟಿ. ಒತ್ತಿ ನೇಯ್ದ, ಗಟ್ಟಿಯಾದ, ಎದ್ದು ನಿಂತ ಅಂಚು. ಕೆಂಪು ಬಹಳ ಚೆಂದ ಇತ್ತಂತೆ. ಓಣಿಯ ಹೆಂಗಸರು ಬಂದು ಮುಟ್ಟಿ, ಇದನ್ನು ಉಡುವುದೋ ಹಾಸುವುದೋ ಎಂದು ನಕ್ಕರು. ಕಮಲವ್ವ, ಇದನ್ನು ಓದುವುದು ಎಂದಳು.

ಗದಿಗೆಯ್ಯ ಸರ್ ನನ್ನನ್ನು ಒಯ್ಯಲು ಬಂದಾಗ ಅವರ ಹೆಬ್ಬೆರಳು ನನ್ನ ದಡಿಯ ಮೇಲೆ ಹೋಗಿ ನಿಂತಿತು. ಸೀಮೆಸುಣ್ಣದ ಪುಡಿ ಹತ್ತಿ ಒಣಗಿದ ಬೆರಳು. ಏನೋ ಹೇಳಲಿಕ್ಕೆ ಉಸಿರು ತೆಗೆದುಕೊಂಡರು. ಎದುರಿಗೆ ಗಂಡ ಹೆಂಡತಿ ಇಬ್ಬರೂ ನಿಂತಿದ್ದರು. ಬಹಳ ಚಲೋ ಆಗೇದ ಎಂದಷ್ಟೇ ಹೇಳಿ ನನ್ನನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು.

ಕಾಲೇಜಿನಲ್ಲಿ ನನಗೆ ಸಿಕ್ಕಿದ್ದು ಹಿಂದಿನ ಕೋಣೆಯ ಒಂದು ಮೇಜು. ಮೇಜಿನ ಮೇಲೆ ಗೋಣಿಚೀಲವನ್ನು ಮಡಿಕೆ ಹಾಕಿ ಅದರ ಮೇಲೆ ನನ್ನನ್ನು ಬಿಗಿಯಾಗಿ ಹಾಸಿದರು. ಗುಂಡುಸೂಜಿ ಚುಚ್ಚಿದರೆ ನನ್ನನ್ನು ದಾಟಿ ಗೋಣಿಗೆ ಇಳಿದು ನಿಲ್ಲಬೇಕು, ಅದಕ್ಕೆ. ಆಮೇಲೆ ಗೌರಾ ಬಂದಳು.

ಅವಳ ಕೈ ಬೇರೆಯವರ ಕೈಯಂತೆ ಬರಲಿಲ್ಲ. ಬೇರೆಯವರು ಮುಟ್ಟುವುದೆಂದರೆ ಒಂದು ಸಲ ಸವರಿ ಬಿಡುವುದು. ಅವಳು ಒಂದು ಮೂಲೆಯಿಂದ ಶುರುಮಾಡಿದಳು. ದಡಿಯನ್ನು ಸುತ್ತಿದಳು. ಒಂದೊಂದೇ ಗೆರೆ ಹತ್ತಿ ಇಳಿದಳು. ನಡುವಿನ ಗಂಟಿಗೆ ಬಂದು ಬೆರಳೂರಿ ನಿಂತಳು. ನನ್ನನ್ನು ಹಾಗೆ ಪೂರ್ತಿಯಾಗಿ ಮುಟ್ಟಿದವರು ಅದುವರೆಗೆ ಯಾರೂ ಇರಲಿಲ್ಲ. ನೇಯ್ದವನೂ ನನ್ನನ್ನು ತುಣುಕು ತುಣುಕಾಗಿಯೇ ಕಂಡಿದ್ದ.

ಅವಳನ್ನು ದಿನಾ ಕರೆತರುತ್ತಿದ್ದವಳು ತಾಯಿ ಶಿವಗಂಗವ್ವ. ಹಳೆಯ ಸೀರೆ ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಅವಳ ಬೆರಳ ತುದಿಗಳೆಲ್ಲ ಸೂಜಿಯ ಗಾಯದಿಂದ ಒರಟಾಗಿದ್ದವು. ಬಸ್ಸು ಓಡಾಡುವ ದೊಡ್ಡ ರಸ್ತೆ ದಾಟಿಸಿ, ಮಗಳ ಮುಂಗೈ ಹಿಡಿದು ಕೋಣೆಯವರೆಗೆ ಬಿಟ್ಟು, ಪಾಠ ಮುಗಿಯುವವರೆಗೆ ಬಾಗಿಲಲ್ಲೇ ಹೊಲಿಯುತ್ತ ಕೂರುತ್ತಿದ್ದಳು.

ಕಾಲೇಜಿನ ಪ್ರಾಚಾರ್ಯರಿಗೆ ಗೌರಾ ಗಣಿತ ತೆಗೆದುಕೊಂಡದ್ದು ಮನಸ್ಸಿಗೆ ಬಂದಿರಲಿಲ್ಲ. ಕೆಟ್ಟವರಲ್ಲ. ಹುಡುಗಿ ಫೇಲಾದರೆ ಒಂದು ವರ್ಷ ಹಾಳಾಗುತ್ತದಲ್ಲ ಎಂಬುದು ಅವರ ಚಿಂತೆ. ಇತಿಹಾಸ ತಗೋ, ಕೇಳಿ ಕಲಿಯಬಹುದು, ಗ್ರಾಫಿನ ತ್ರಾಸು ಇರುವುದಿಲ್ಲ ಎಂದು ಅವಳಿಗೂ ತಾಯಿಗೂ ಹೇಳಿ ನೋಡಿದರು. ಕೊನೆಗೆ ಒಂದು ಮಾತಿಗೆ ಬಂದರು. ದಸರಾ ರಜೆಗೆ ಮುಂಚೆ ತಾಲ್ಲೂಕಿನಿಂದ ಗಣಿತದ ಹಿರಿಯ ಉಪನ್ಯಾಸಕ ಇನಾಮದಾರ ಅವರು ಬರುತ್ತಾರೆ. ಅವರ ಮುಂದೆ ಗ್ರಾಫಿನ ಲೆಕ್ಕ ಮಾಡಿ ತೋರಿಸಿದರೆ ಗಣಿತ ಇರಲಿ. ಇಲ್ಲವಾದರೆ ರಜೆ ಮುಗಿಸಿ ಬಂದು ಇತಿಹಾಸದ ಕ್ಲಾಸಿನಲ್ಲಿ ಕೂರಬೇಕು.

ಆ ದಿನ ಗೌರಾ ನನ್ನ ಗಂಟಿನ ಮೇಲೆ ಬೆರಳಿಟ್ಟುಕೊಂಡೇ ಗದಿಗೆಯ್ಯ ಸರ್‌ಗೆ ಹೇಳಿದ್ದು ನನಗೆ ನೆನಪಿದೆ. "ಮನಿಯಿಂದ ಇಲ್ಲೀ ಮಟ ಅವ್ವ ಕೈ ಹಿಡಕೊಂಡು ಬರತಾಳ್ರಿ ಸರ. ಬಾಕಿ ಪಾಠಾನೂ ಯಾರಾರ ಓದಿ ಹೇಳಬೇಕು. ಲೆಕ್ಕ ಒಂದ ನೋಡ್ರಿ, ಅದರಾಗ ನಾ ಒಬ್ಬಾಕಿನ ಹೋಗಿ ಒಬ್ಬಾಕಿನ ಬರತೀನಿ. ಅದೊಂದು ಇರಲಿ ನಂಗ."

ಸರ್ ಎರಡು ಗುಂಡುಸೂಜಿ ಅವಳ ಅಂಗೈಯಲ್ಲಿ ಇಟ್ಟರು.

ನಮ್ಮ ಕಲಿಕೆ ಹೀಗಿತ್ತು. ಮೊದಲು ಸಮೀಕರಣದಿಂದ ಎರಡು ಬಿಂದು ಲೆಕ್ಕ ಹಾಕಿ, ಗಂಟಿನಿಂದ ಚೌಕ ಎಣಿಸುತ್ತ ಹೋಗಿ ಎರಡು ಸೂಜಿ ಚುಚ್ಚುವುದು. ಎರಡರ ಮೇಲೂ ಹಾಯುವಂತೆ ದಾರ ಎಳೆಯುವುದು, ಅದೇ ಗೆರೆ. ಆಮೇಲೆ ಉತ್ತರ ಗೆರೆಯ ಯಾವ ಕಡೆ ಎಂದು ಪರೀಕ್ಷಿಸಿ ಆ ಕಡೆಗೆ ಅಂಗೈ ಹಾಸುವುದು. ಉಳಿದ ಹುಡುಗರು ಪೆನ್ಸಿಲಿನಿಂದ ಆ ಭಾಗವನ್ನು ಗೀಚಿ ತುಂಬುತ್ತಾರಂತೆ. ಅವಳು ಅಂಗೈಯಿಂದ ತುಂಬುತ್ತಿದ್ದಳು.

ಗೆರೆಯಲ್ಲಿಯೂ ಎರಡು ಜಾತಿ. ಗೆರೆಯ ಮೇಲಿನ ಬಿಂದುಗಳೂ ಉತ್ತರಕ್ಕೆ ಸೇರುವುದಿದ್ದರೆ ಇಡಿಯಾದ ಗೆರೆ, ಸೇರದಿದ್ದರೆ ತುಂಡು ತುಂಡು ಗೆರೆ. ತುಂಡು ಗೆರೆಯನ್ನು ಬೆರಳಿಗೆ ತಿಳಿಸುವುದು ಹೇಗೆಂದು ಸರ್ ಯೋಚಿಸುತ್ತಿದ್ದಾಗ ಬಾಗಿಲಲ್ಲಿ ಕೂತಿದ್ದ ಶಿವಗಂಗವ್ವ ಒಂದು ದಾರಕ್ಕೆ ಗೇಣಿಗೆ ನಾಲ್ಕರಂತೆ ಗಂಟು ಹಾಕಿ ಕೊಟ್ಟಳು. ಅಂದಿನಿಂದ ನುಣ್ಣನೆಯ ದಾರ ಒಂದು, ಗಂಟಿನ ದಾರ ಒಂದು.

ಯಾವ ಕಡೆ ಎಂದು ತಿಳಿಯಲು ಸರ್ ಒಂದು ರೂಢಿ ಕಲಿಸಿದ್ದರು. ಮೂಲಬಿಂದುವನ್ನು, ಅಂದರೆ ನನ್ನ ನಡುವಿನ ಗಂಟನ್ನು, ಮೊದಲು ಕೇಳು. ಎಕ್ಸ್ ಇರುವಲ್ಲಿ ಸೊನ್ನೆ, ವೈ ಇರುವಲ್ಲಿ ಸೊನ್ನೆ ಹಾಕು. ಮಾತು ನಿಜವಾದರೆ ಗಂಟು ಇರುವ ಕಡೆಯೇ ಉತ್ತರ. ಸುಳ್ಳಾದರೆ ಆಚೆಯ ಕಡೆ. ಅವಳು ಪ್ರತಿ ಸಲವೂ "ಗಂಟಣ್ಣ, ಏನಂತಿ?" ಎಂದು ಪಿಸುಗುಟ್ಟಿ ಬೆರಳಿಂದ ತಟ್ಟುತ್ತಿದ್ದಳು. ನನಗೆ ಅದು ಹಿಡಿಸುತ್ತಿತ್ತು.

ಒಂದು ದಿನ ಸರ್ ತಾಯಿಯ ಕೌದಿಯನ್ನೇ ಲೆಕ್ಕಕ್ಕೆ ತಂದರು. ಸಣ್ಣ ಕೌದಿಗೆ ಒಂದು ಸೀರೆ, ದೊಡ್ಡದಕ್ಕೆ ಎರಡು. ಮನೆಯಲ್ಲಿ ಇರುವುದು ಆರು ಸೀರೆ. ಸಣ್ಣವು ಎಷ್ಟು, ದೊಡ್ಡವು ಎಷ್ಟು ಹೊಲಿಯಬಹುದು? ಗೌರಾ ಸಣ್ಣವಕ್ಕೆ ಅಡ್ಡ ಗೆರೆಯ ಆರರಲ್ಲಿ ಒಂದು ಸೂಜಿ, ದೊಡ್ಡವಕ್ಕೆ ಉದ್ದ ಗೆರೆಯ ಮೂರರಲ್ಲಿ ಒಂದು ಸೂಜಿ ಚುಚ್ಚಿ ದಾರ ಎಳೆದಳು. ಉತ್ತರ ಈ ದಾರವೇ ತಾನೇ ಎಂದಳು. ಬಾಗಿಲಿಂದ ಶಿವಗಂಗವ್ವ ಸೂಜಿ ನಿಲ್ಲಿಸಿದಳು.

"ಆರು ಸೀರಿ ಅದಾವಂತ ಆರೂ ಹರದು ಹೊಲೀಲೇನ? ಉಟಗೊಳ್ಳಾಕ ಒಂದು ಬ್ಯಾಡ?"

ಸರ್ ನಕ್ಕುಬಿಟ್ಟರು. ಗೌರಾಳ ಕೈ ದಾರದಿಂದ ಕೆಳಗಿಳಿದು, ಗಂಟಿನ ಕಡೆಗೆ, ಒಳಗಿನ ಚೌಕಗಳ ಮೇಲೆಲ್ಲ ಹರಡಿತು. ಆರೇ ಆಗಬೇಕೆಂದಿಲ್ಲ, ಆರನ್ನು ಮೀರಬಾರದು ಅಷ್ಟೆ. ಸಮೀಕರಣ ಒಂದು ಗೆರೆಯ ಮೇಲೆ ನಡೆಸುತ್ತದೆ, ಅಸಮತೆ ಒಂದು ಬಯಲನ್ನೇ ಕೊಡುತ್ತದೆ. ಅವಳಿಗೆ ಅದು ತಿಳಿದ ಗಳಿಗೆ ಅವಳ ಅಂಗೈ ಬೆಚ್ಚಗಾದದ್ದು ನನ್ನ ಮೈಗೆ ಗೊತ್ತಾಯಿತು.

ಎರಡು ಅಸಮತೆ ಒಟ್ಟಿಗೆ ಬಂದರೆ ಎಡಗೈ ಒಂದಕ್ಕೆ, ಬಲಗೈ ಇನ್ನೊಂದಕ್ಕೆ. ಕೈ ಮೇಲೆ ಕೈ ಬಿದ್ದ ಜಾಗ ಉತ್ತರ. ಮೂರು ಬಂದಾಗ, ದೇವರು ಎರಡೇ ಕೈ ಕೊಟ್ಟಾನ, ಸರ ಮೂರು ಕೇಳತಾರ ಎಂದು ಗೊಣಗಿ ತಾಯಿಯನ್ನು ಕರೆದಳು. ಶಿವಗಂಗವ್ವ ಬಂದು, ಎಲ್ಲಿ ಇಡಲಿ ಎಂದು ಕೇಳಿ, ತನ್ನ ಒರಟು ಅಂಗೈ ಇಟ್ಟಳು. ಮಗಳ ಎರಡು ಕೈ, ಅದರ ಮೇಲೆ ತಾಯಿಯದೊಂದು. ಏನು ಲೆಕ್ಕವೋ ಅವಳಿಗೆ ತಿಳಿಯದು. ಆದರೂ ಬೇಗ ತೆಗೆಯಲಿಲ್ಲ.

ಹೀಗೆ ದಿನ ಹೋದವು. ಇನಾಮದಾರ ಅವರು ಬಂದರು.

ಅವರ ಕೈ ತಣ್ಣಗೆ, ಒಣಗಿ, ಕಾಗದದ ಹಾಗಿತ್ತು. ನನ್ನ ಮೇಲೆ ಒಮ್ಮೆ ಆಡಿಸಿ, ಚೆಂದ ಐತಲ್ಲ ಎಂದರು. ಗೌರಾಳಿಗೆ ಒಂದರ ಮೇಲೊಂದು ಲೆಕ್ಕ ಕೊಟ್ಟರು. ಅವಳು ಸೂಜಿ ಚುಚ್ಚಿದಳು, ದಾರ ಎಳೆದಳು, ಗಂಟನ್ನು ಕೇಳಿದಳು, ಅಂಗೈ ಹಾಸಿದಳು. ಎಲ್ಲ ಸರಿ. ಪ್ರಾಚಾರ್ಯರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ ಸಪ್ಪಳ ಕೇಳಿತು. ಕೊನೆಯದಾಗಿ ಇನಾಮದಾರ ಅವರು, ಎಕ್ಸ್ ಮತ್ತು ವೈ ಕೂಡಿಸಿದರೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ತೋರಿಸು ಎಂದರು. ಗಂಟು ಸುಳ್ಳು ಎಂದಿತು. ಅವಳ ಕೈ ದಾರದ ಆಚೆಗೆ ಹೋಗಿ ಚೌಕಗಳನ್ನು ತುಂಬುತ್ತ ಮೇಲೇರಿ ದಡಿಗೆ ತಾಗಿ ನಿಂತಿತು.

"ಐವತ್ತು, ಐವತ್ತು ಅಂತ ಒಂದು ಬಿಂದು. ಅದು ನಿನ್ನ ಉತ್ತರದಾಗ ಬರತೈತೇನು?"

ಅವಳ ಬೆರಳು ದಡಿಯ ಉದ್ದಕ್ಕೂ ಹುಡುಕಿತು. ಹತ್ತು ಚೌಕ, ಆಮೇಲೆ ದಡಿ. ಮತ್ತೆ ಹುಡುಕಿತು.

"ಇಲ್ರಿ ಸರ. ಇಲ್ಲಿಗೆ ಮುಗೀತ್ರಿ."

ಐವತ್ತಕ್ಕೆ ಐವತ್ತು ಕೂಡಿಸಿದರೆ ನಾಲ್ಕಕ್ಕಿಂತ ಹೆಚ್ಚು ಎಂದು ಸಣ್ಣ ಮಗುವೂ ಹೇಳೀತು. ಅವಳೂ ಹೇಳುತ್ತಿದ್ದಳು, ಕೂಡಿಸಿದ್ದರೆ. ಅವಳು ಕೂಡಿಸಲಿಲ್ಲ, ಹುಡುಕಿದಳು. ಹುಡುಕಿದ ಕೈಗೆ ದಡಿ ಸಿಕ್ಕಿತು.

ಹುಡುಗಿಗೆ ಈ ಬಟ್ಟೆ ಬಾಯಿಪಾಠ ಆಗೇದ, ಗಣಿತ ಆಗಿಲ್ಲ ಎಂದರು ಇನಾಮದಾರ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಹೆಚ್ಚು ನಾಟಿತು. ಗದಿಗೆಯ್ಯ ಸರ್ ಇನ್ನೊಮ್ಮೆ ನೋಡಿರಿ ಎಂದು ಕೇಳಿಕೊಂಡರು. ರಜೆಗೆ ಮುಂಚೆ ಮತ್ತೊಮ್ಮೆ ಈ ಕಡೆಗೆ ಬರುವುದಿದೆ, ಆವಾಗ ನೋಡೋಣ, ಅದೇ ಕಡೆಯದು ಎಂದು ಅವರು ಎದ್ದರು.

ಎಲ್ಲರೂ ಹೋದ ಮೇಲೆ ಗೌರಾ ನನ್ನ ದಡಿಯನ್ನು ಎರಡು ಬೆರಳ ನಡುವೆ ಹಿಡಿದು ಕುಳಿತಳು. ಗೆರೆ ಎಂದಿಗೂ ಮುಗಿಯುವುದಿಲ್ಲ, ಆಚೆಯ ಬಯಲೂ ಮುಗಿಯುವುದಿಲ್ಲ ಎಂದು ಸರ್ ಪಾಠದಲ್ಲಿ ಹೇಳಿದ್ದರು. ಅವಳು ಕೇಳಿಯೂ ಇದ್ದಳು. ಆದರೆ ಅವಳ ಕೈಗೆ ಆ ಮಾತು ತಲುಪುವುದಕ್ಕೆ ನಾನೇ ಬಿಟ್ಟಿರಲಿಲ್ಲ. ಒಯ್ಯಲು ಬಂದಾಗಲೇ ದಡಿ ತೆಗೆಯಿರಿ ಅನ್ನಬೇಕಿತ್ತು, ಮಾನಪ್ಪ ನೊಂದುಕೊಂಡಾನು ಅಂತ ಸುಮ್ಮನಾದೆ ಎಂದು ಸರ್ ಹೇಳಿದರು. ತಾವೇ ಹೋಗಿ ಹೇಳುತ್ತೇನೆ ಎಂದರು. ಗೌರಾ ಬೇಡ ಅಂದಳು. ನನ್ನನ್ನು ಮಡಿಚಿಕೊಂಡು, ತಾಯಿಯ ಜೊತೆ ನೇಕಾರರ ಓಣಿಗೆ ತಾನೇ ನಡೆದಳು.

ನಾನು ಹುಟ್ಟಿದ ಮನೆಯ ವಾಸನೆ ನನಗೆ ಮತ್ತೆ ಬಂತು. ಗಂಜಿ, ಎಣ್ಣೆ, ಒದ್ದೆ ನೂಲು. ಮಾನಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ನನ್ನನ್ನು ಕೈಗೆ ತೆಗೆದುಕೊಂಡ. ಎಲ್ಲಿಯಾದರೂ ಎಳೆ ಹರಿದಿದೆಯೇ ಎಂದು ನೋಡಿದ.

"ಹರದಿಲ್ರಿ ಕಾಕಾ. ದಡಿ ತಗೀರಿ."

ಅವನ ಕೈ ನನ್ನ ಮೇಲೆ ಬಿಗಿಯಾಯಿತು. ದಡಿ ಯಾಕೆ ಹಾಕಿದ್ದೆ ಎಂಬುದನ್ನು ಅವನು ಹೇಳಲಾರದೆ ಹೇಳಿದ. ಹೆಣದ ಮಾತು ಹುಡುಗಿಯ ಮುಂದೆ ಆಡುವುದು ಹೇಗೆ? ಆದರೂ ಆಡಿದ. ಶಿವಗಂಗವ್ವ ಅದನ್ನು ಕೇಳಿ, ಇಷ್ಟು ಜೀವ ಇಟ್ಟು ಹಾಕಿದ್ದನ್ನ ಯಾಕ ಬಿಚ್ಚಸ್ತಿ, ಬಿಡು ಅವ್ವಾ ಎಂದು ಮಗಳಿಗೇ ಹೇಳಿದಳು.

ಗೌರಾ ಮೆಲ್ಲಗೆ ಹೇಳಿದಳು. "ಕಾಕಾ, ನೀವು ಚಲೋದಕ್ಕ ಹಾಕೀರಿ. ಆದ್ರ ನನ್ನ ಕೈ ಎಲ್ಲಿ ಹೋದ್ರೂ ಯಾರಾರ ಒಬ್ರು ಚಲೋದಕ್ಕ ಅಂತ ತಡೀತಾರ. ಇದೊಂದು ಕಡೆ ಬಿಟ್ಟು ನೋಡೂಣು."

ಕಮಲವ್ವ ಒಳಗಿನಿಂದ ಕತ್ತರಿ ತಂದಿಟ್ಟದ್ದು ನೆಲದ ಮೇಲೆ ಸಪ್ಪಳವಾಯಿತು. ಅದನ್ನು ಕೈಗೆ ತೆಗೆದುಕೊಂಡ ಮೇಲೂ ಮಾನಪ್ಪ ತಡೆದ. ಕಡೆಗೆ ಒಂದು ದಾರಿ ಮಾಡಿಕೊಂಡ. ಅಂಥ ಶಾಸ್ತ್ರ ಎಲ್ಲಿಯೂ ಇದ್ದಿರಲಾರದು, ಅಲ್ಲಿಯೇ ಹುಟ್ಟಿಸಿದ್ದು.

"ನೀ ಎರಡೂ ಕೈ ಇದರ ಮ್ಯಾಲ ಇಟ್ಟಿರು, ತಂಗಿ. ದಡಿ ಹೋಗೂ ಮುಂದ ಜೀವ ಇದ್ದವರ ಕೈ ಮ್ಯಾಲ ಇದ್ರ ನಡೀತೈತಿ."

ಗೌರಾ ಎರಡೂ ಅಂಗೈ ಊರಿದಳು. ಕತ್ತರಿ ನಡೆಯಿತು. ನನಗೆ ನೋವಾಯಿತೇ ಎಂದು ಯಾರೂ ಕೇಳುವುದಿಲ್ಲ, ಆಗಲಿಲ್ಲ. ಎರಡು ಬದಿ ಹೋಯಿತು, ಎರಡು ತುದಿಯ ಪಟ್ಟಿ ಹೋಯಿತು. ಅಂಚಿನ ಎಳೆಗಳು ಬಿಚ್ಚಿಕೊಂಡು ಗಾಳಿಗೆ ತೂಗಿದವು. ಮಡಿಚಿ ಹೊಲಿಯಲೇ ಎಂದು ಶಿವಗಂಗವ್ವ ಸೂಜಿ ತೆಗೆದಳು. ಮಡಿಚಿದರೆ ಅದೂ ಒಂದು ದಡಿಯೇ ಆಗುತ್ತದೆ ಎಂದು ಮಾನಪ್ಪನೇ ಬೇಡವೆಂದ. ತೆಳ್ಳಗೆ ಗಂಜಿ ಕಲಸಿ ಅಂಚಿಗೆ ಬೆರಳಿಂದ ಸವರಿದ, ಎಳೆ ಮತ್ತೂ ಬಿಚ್ಚದಂತೆ. ದಪ್ಪ ಗೆರೆಗಳ ತುದಿಗಳನ್ನು ಮಾತ್ರ ಕತ್ತರಿಸದೆ ಹಾಗೆಯೇ ಹೊರಗೆ ಬಿಟ್ಟ. ಆಮೇಲೆಯೂ ಅವನು ತನ್ನ ಮಗ್ಗದಿಂದ ದಡಿ ಇಲ್ಲದ ಇನ್ನೊಂದು ಬಟ್ಟೆ ಇಳಿಸಲಿಲ್ಲ ಎಂದು ಕೇಳಿದ್ದೇನೆ.

ದಡಿ ಹೋದ ಕೂಡಲೇ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅವಳ ಕೈಗೆ ರೂಢಿ ಬಿದ್ದಿತ್ತು. ದಡಿ ಇದ್ದ ಜಾಗಕ್ಕೆ ಬಂದೊಡನೆ, ಅಲ್ಲಿ ಏನೂ ಇಲ್ಲದಿದ್ದರೂ, ನಿಂತುಬಿಡುತ್ತಿತ್ತು. ಹೋಗು ಎಂದು ಸರ್ ಹೇಳುತ್ತಿದ್ದರು. ಅವಳು ಎಲ್ಲಿಗೆ ಎನ್ನುತ್ತಿದ್ದಳು. ಕಾಲಿಡುವ ಮುಂಚೆ ನೆಲ ತಡವಿ ನೋಡಿ ಬೆಳೆದವಳಿಗೆ ಬರೀ ಗಾಳಿಯಲ್ಲಿ ಕೈ ಬಿಡುವುದು ಸುಲಭವಲ್ಲ. ಒಮ್ಮೆ ಧೈರ್ಯ ಮಾಡಿ ಬಿಟ್ಟಾಗ ಮೇಜಿನ ಮೇಲಿದ್ದ ತಾಯಿಯ ನೀರಿನ ತಂಬಿಗೆ ಉರುಳಿ ನಾನು ಪೂರ್ತಿ ತೊಯ್ದೆ. ಅವತ್ತು ಪಾಠ ಆಗಲಿಲ್ಲ. ನನ್ನನ್ನು ಕಾಲೇಜಿನ ಕಟಕಟೆಗೆ ಒಣಹಾಕಿದರು. ಶಿವಗಂಗವ್ವ ಮಗಳ ಕೈಯನ್ನು ಬೈದಳು, ಮಗಳು ತಂಬಿಗೆಯನ್ನು ಬೈದಳು. ಮರುದಿನ ಸರ್ ಮೇಜಿನ ಮೇಲಿದ್ದುದನ್ನೆಲ್ಲ ತೆಗೆದಿಟ್ಟರು. ಅಂದು ಅವಳ ಕೈ ನನ್ನ ಅಂಚಿನ ಬಿಳಿ ಎಳೆಯೊಂದನ್ನು ಹಿಡಿದು ಮೆಲ್ಲಗೆ ಹೊರಗೆ ಹೋಯಿತು. ಎಳೆ ಮುಗಿಯಿತು. ಕೈ ಹಾಗೆಯೇ ಮುಂದೆ ಹೋಯಿತು. ನನ್ನಿಂದ ಆಚೆ ಹೋದ ಅವಳ ಕೈ ನನಗೆ ತಿಳಿಯುವುದಿಲ್ಲ. ಅದು ತಿರುಗಿ ಬಂದಾಗ ಅವಳು ನಗುತ್ತಿದ್ದಳು.

ಇನಾಮದಾರ ಅವರು ಎರಡನೆಯ ಸಲ ಬಂದಾಗ ಅವಳ ಬಲಗಡೆಗೆ ಕುರ್ಚಿ ಹಾಕಿಕೊಂಡು ಕೂತರು. ಅವರಿಗೆ ಚಹಾ ಬಂತು. ಐವತ್ತರ ಪ್ರಶ್ನೆಯೇ ಬರುತ್ತದೆಂದು ಗದಿಗೆಯ್ಯ ಸರ್ ಎಣಿಸಿದ್ದರು. ಅದು ಬರಲಿಲ್ಲ. ವೈ ಎಂಬುದು ಎರಡು ಎಕ್ಸ್‌ಗಿಂತ ಕಡಿಮೆ ಇರಬೇಕು, ಸಮ ಇರಬಾರದು ಎಂದು ಅವರು ಕೊಟ್ಟರು.

ಸಮ ಇರಬಾರದು ಎಂದಾಗ ಗಂಟಿನ ದಾರ. ಅವಳು ಬಿಂದು ಲೆಕ್ಕ ಹಾಕಿದಳು. ಎಕ್ಸ್ ಸೊನ್ನೆಯಾದರೆ ವೈಯೂ ಸೊನ್ನೆ. ಎಕ್ಸ್ ಮೂರಾದರೆ ವೈ ಆರು. ಒಂದು ಸೂಜಿ ನನ್ನ ನಡುವಿನ ಗಂಟಿನಲ್ಲೇ ಇಳಿಯಿತು. ದಾರ ಎಳೆದಳು. ಆಮೇಲೆ ರೂಢಿಯಂತೆ ಗಂಟಣ್ಣನನ್ನು ಕೇಳಲು ಬೆರಳು ಬಂತು. ಸೊನ್ನೆ ಸೊನ್ನೆಗಿಂತ ಕಡಿಮೆಯೇ? ಅಲ್ಲ, ಸುಳ್ಳು. ಸುಳ್ಳಾದರೆ ಆಚೆಯ ಕಡೆ. ಆಚೆ ಎಂದರೆ ಯಾವ ಕಡೆ? ಗಂಟು ದಾರದ ಅಡಿಯಲ್ಲೇ ಇತ್ತು. ಅದಕ್ಕೆ ಈಚೆಯೂ ಇಲ್ಲ, ಆಚೆಯೂ ಇಲ್ಲ.

ಅವಳ ಬೆರಳು ಅಲ್ಲೇ ನಿಂತಿತು. ಒತ್ತಿತು. ಬಿಟ್ಟಿತು. ಮತ್ತೆ ಒತ್ತಿತು. ಇನಾಮದಾರರ ಚಹಾದ ಕಪ್ಪು ಬಸಿಯ ಮೇಲೆ ಕೂತ ಸಪ್ಪಳ. ಬಾಗಿಲಲ್ಲಿ ಶಿವಗಂಗವ್ವನ ಬಳೆ ಒಮ್ಮೆ ಅಲುಗಿ ನಿಂತಿತು. ಗದಿಗೆಯ್ಯ ಸರ್ ಬಾಯಿ ಬಿಡುವಂತಿರಲಿಲ್ಲ; ಮೇಜಿನ ಅಂಚನ್ನು ಹಿಡಿದ ಅವರ ಬೆರಳಿನ ಬಿಗಿ ಹಲಗೆಯೊಳಗಿಂದ ನನಗೆ ತಿಳಿಯುತ್ತಿತ್ತು. ನಾನು ಹೇಳಬಲ್ಲವನಾಗಿದ್ದರೆ ಹೇಳುತ್ತಿದ್ದೆನೋ ಏನೋ. ಹೇಳಿದ್ದರೆ ಅದು ಮತ್ತೊಂದು ಕೈ ಹಿಡಿದಂತೆಯೇ ಆಗುತ್ತಿತ್ತು.

ಗೌರಾ ಬೆರಳು ತೆಗೆದಳು.

"ಗಂಟು ಗೆರಿ ಮ್ಯಾಲ ಕುಂತೈತ್ರಿ ಸರ. ಅದನ್ನ ಕೇಳಿ ಉಪಯೋಗಿಲ್ಲ. ಬ್ಯಾರೆಯವರನ್ನ ಕೇಳತೀನಿ."

ಬಲಕ್ಕೆ ಚೌಕ ಎಣಿಸುತ್ತ ಹೋಗಿ ಐದರಲ್ಲಿ ಹೊಸ ಸೂಜಿಯೊಂದನ್ನು ಚುಚ್ಚಿದಳು. ಎಕ್ಸ್ ಐದು, ವೈ ಸೊನ್ನೆ. ಸೊನ್ನೆ ಹತ್ತಕ್ಕಿಂತ ಕಡಿಮೆ, ನಿಜ. ಹಾಗಾದರೆ ಈ ಕಡೆ. ಅವಳ ಅಂಗೈ ದಾರದಿಂದ ಬಲಕ್ಕೆ ಬಿದ್ದಿತು. ನಿಧಾನವಾಗಿ, ಏನೂ ಬಿಡದೆ, ಚೌಕ ಚೌಕ ತುಂಬುತ್ತ ಬಂತು. ನನ್ನ ಅಂಚಿಗೆ ಬಂತು. ನಿಲ್ಲಲಿಲ್ಲ. ಬಿಳಿ ಎಳೆಗಳನ್ನು ದಾಟಿ, ಮೇಜಿನ ಹಲಗೆಯ ಮೇಲೆ ಹರಿದು, ಇನಾಮದಾರರ ಕಡೆಗೆ ಹೊರಟಿತು.

"ಚಾ ಎತ್ತಿಕೊಳ್ರಿ ಸರ" ಎಂದಳು. "ನೀವು ಕುಂತದ್ದೂ ಉತ್ತರದಾಗ ಬರತೈತ್ರಿ. ನಿಮ್ಮ ಹಿಂದಿನ ಗ್ವಾಡೀನೂ ಬರತೈತಿ. ಅದರ ಆಚೇದೂ."

ಕಪ್ಪು ಎತ್ತಿದ ಸಪ್ಪಳವಾಯಿತು, ಕುರ್ಚಿ ಸರಿಯಿತು. ಇನಾಮದಾರ ಅವರು ನಕ್ಕಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ನನ್ನನ್ನು ಯಾವ ಕಡೆ ಬೇಕಾದರೂ ಹಾಕು, ಗಣಿತದಾಗ ನಿನ್ನನ್ನ ಇಡಾಕ ನನ್ನದೇನೂ ತಕರಾರಿಲ್ಲ ಎಂದರು. ಪ್ರಾಚಾರ್ಯರು ಹೂಂ ಅಂದರು. ಗದಿಗೆಯ್ಯ ಸರ್ ನನ್ನ ಮೇಲಿನ ಸೂಜಿಗಳನ್ನು ಒಂದೊಂದಾಗಿ ಕೀಳತೊಡಗಿದರು. ಕೀಳುವ ಅಗತ್ಯವೇ ಇರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ಅಂದು ಮನೆಗೆ ಹೊರಡುವಾಗ ಶಿವಗಂಗವ್ವ ಎಂದಿನಂತೆ ಮಗಳ ಮುಂಗೈ ಹಿಡಿಯಲು ಬಂದಳು. ನಾನು ಗೌರಾಳ ಕಂಕುಳಲ್ಲಿದ್ದೆ. ಒಂದು ಗಳಿಗೆ ಯಾರೂ ಅಲುಗಲಿಲ್ಲ. ಆಮೇಲೆ ಗೌರಾಳೇ ತಾಯಿಯ ಕೈ ಹಿಡಿದುಕೊಂಡಳು. ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತಿದ್ದವು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಪರೀಕ್ಷೆಯ ಕೋಣೆಯೊಳಗೆ ನನಗೆ ಪ್ರವೇಶ ಸಿಗಲಿಲ್ಲ. ಶಿವಗಂಗವ್ವನ ಚೀಲದಲ್ಲಿ ಹೊರಗೆ ಬಿದ್ದಿದ್ದೆ. ಗೌರಾ ತನ್ನ ಪರವಾಗಿ ಬರೆಯುವವಳಿಗೆ ಬಿಂದು, ಗೆರೆ, ಕಡೆ ಎಲ್ಲವನ್ನೂ ಬಾಯಿಂದ ಹೇಳಿ ಬರೆಸಿ ಬಂದಳು. ಆ ಹೊತ್ತಿಗೆ ಅವಳಿಗೆ ನಾನು ಬೇಕಾಗಿರಲಿಲ್ಲ. ಬಯಲು ಅವಳ ತಲೆಯಲ್ಲೇ ಇತ್ತು. ನನಗೆ ಸ್ವಲ್ಪ ಬೇಸರವಾಯಿತು. ಚೀಲದ ಕತ್ತಲೆಯಲ್ಲಿ ಯಾರಿಗೆ ಹೇಳುವುದು?

ಅವಳು ಮುಂದೆ ಓದಲು ಹೋದಾಗ ನನ್ನನ್ನು ಗದಿಗೆಯ್ಯ ಸರ್‌ಗೆ ಒಪ್ಪಿಸಿದಳು. ಅವರಿಗೆ ವರ್ಗವಾಯಿತು, ಮತ್ತೆ ವರ್ಗವಾಯಿತು. ಪ್ರತಿ ಊರಿನಲ್ಲೂ ನಾನು ಕಪಾಟಿನಲ್ಲಿದ್ದೆ. ನುಸಿಗುಳಿಗೆಯ ವಾಸನೆಯಲ್ಲಿ ವರ್ಷಗಳು ಕಳೆದವು. ನಿವೃತ್ತಿಯಾದ ಮೇಲೆ ಅವರು ಒಂದು ದಿನ ನನ್ನನ್ನು ತೆಗೆದು ಬಿಸಿಲಿಗೆ ಹಾಕಿದರು, ಬಸ್ಸು ಹತ್ತಿಸಿದರು. ಕಣ್ಣು ಕಾಣದ ಮಕ್ಕಳ ವಸತಿಶಾಲೆಯೊಂದಕ್ಕೆ ತಂದರು. ಅಲ್ಲಿ ಗಣಿತ ಹೇಳುತ್ತಿದ್ದವಳು ಗೌರಾ. ಅವಳ ಕೈಗೆ ನನ್ನನ್ನು ಕೊಟ್ಟಾಗ ಆ ಕೈ ಅಗಲವಾಗಿತ್ತು, ಹಿಡಿತ ಹೆಚ್ಚಾಗಿತ್ತು. ಆದರೆ ಮುಟ್ಟಿದ ರೀತಿ ಅದೇ. ಒಂದು ಮೂಲೆಯಿಂದ ಶುರುಮಾಡಿದಳು.

ಆಮೇಲಿನ ವರ್ಷಗಳಲ್ಲಿ ನನಗೆ ಕೈಗಳ ಎಣಿಕೆ ತಪ್ಪಿತು. ಬೆಲ್ಲ ಹತ್ತಿದ ಕೈ, ಚಳಿಗೆ ಬಿರಿದ ಕೈ, ಉಗುರು ಕಚ್ಚುವವರ ಕೈ, ಕದ್ದು ಸೂಜಿಯಿಂದ ಪಕ್ಕದವರನ್ನು ಚುಚ್ಚುವ ಕೈ. ಗೌರಾ ಅಕ್ಕೋರು ಎಂದರೆ ಮಕ್ಕಳಿಗೆ ಸಲಿಗೆ. ಆ ಮಕ್ಕಳ ಬೆರಳೆಲ್ಲ ನನ್ನ ಮೇಲೆ ಓಡಾಡಿದವು, ನನ್ನ ಗೆರೆಗಳು ತೆಳ್ಳಗಾದವು. ನಡುವಿನ ಗಂಟು ಸವೆದು ಮಟ್ಟಸವಾಯಿತು. ಒಂದು ದಿನ ಒಬ್ಬಳು ಪುಟ್ಟ ಹುಡುಗಿ ಬಹಳ ಹೊತ್ತು ತಡವಿ, "ಅಕ್ಕೋರ, ಇಲ್ಲಿ ಗೆರಿನ ಇಲ್ಲಲ್ರಿ" ಎಂದಳು. ಗೌರಾ ಬಂದು ಮುಟ್ಟಿದಳು. ಅವಳ ಬೆರಳು ಸರಾಗವಾಗಿ ಗೆರೆ ಹಿಡಿದು ನಡೆಯಿತು, ನಡುವೆ ತಟಕ್ಕನೆ ನಿಂತಿತು. ತಾನು ನಡೆದದ್ದು ನೆನಪಿನ ಮೇಲೆ, ಗೆರೆಯ ಮೇಲಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗ. ಹೌದವ್ವಾ, ನಿಂದ ಖರೆ ಎಂದು ಒಪ್ಪಿಕೊಂಡಳು.

ಶಾಲೆಗೆ ಈಗ ರಬ್ಬರಿನ ಹಾಳೆಗಳು ಬಂದಿವೆ. ಗೆರೆಗಳು ಅಚ್ಚುಕಟ್ಟು, ಸವೆಯುವುದಿಲ್ಲ. ಆದರೆ ಸೂಜಿ ಇಳಿದು ನಿಲ್ಲಲು ಅಡಿಯಲ್ಲಿ ಏನಾದರೂ ಮೆತ್ತಗಿನದು ಬೇಕು. ಗೌರಾ ನನ್ನನ್ನು ನಾಲ್ಕು ಮಡಿಕೆ ಮಾಡಿ ಆ ಹಾಳೆಯ ಅಡಿಯಲ್ಲಿ ಹಾಸಿದ್ದಾಳೆ. ಪೆಟ್ಟಿಗೆಗೆ ಹಾಕಲಿಲ್ಲ, ಗೋಡೆಗೆ ತೂಗುಹಾಕಲಿಲ್ಲ. ಕೆಲಸದಲ್ಲಿಟ್ಟಳು. ಅದು ನನಗೆ ಒಪ್ಪಿಗೆ.

ಇಲ್ಲಿಂದ ನನಗೆ ಬೆರಳು ಸಿಗುವುದಿಲ್ಲ, ದಾರ ಸಿಗುವುದಿಲ್ಲ. ಸೂಜಿಯ ಮೊನೆ ಮಾತ್ರ ಸಿಗುತ್ತದೆ. ಮೇಲೆ ಯಾವುದೋ ಮಗು ಎಣಿಸುತ್ತದೆ, ತಪ್ಪುತ್ತದೆ, ಮತ್ತೆ ಎಣಿಸುತ್ತದೆ. ಒಂದು ಮೊನೆ ಇಳಿಯುತ್ತದೆ. ಸ್ವಲ್ಪ ತಡೆದು ಇನ್ನೊಂದು. ಎರಡು ಸಿಕ್ಕರೆ ಸಾಕು, ಗೆರೆ ಎಲ್ಲಿ ಹಾಯುತ್ತದೆಂದು ನಾನೇ ಮನಸ್ಸಿನಲ್ಲಿ ಎಳೆದುಕೊಳ್ಳುತ್ತೇನೆ. ಯಾವ ಕಡೆ ಎಂಬುದು ಮಾತ್ರ ನನಗೆ ತಿಳಿಯದು. ಮೇಲೆ ಆ ಮಗು ಯೋಚಿಸುತ್ತಿರುತ್ತದೆ. ಗೌರಾ ಪಕ್ಕದಲ್ಲೇ ಇರುತ್ತಾಳೆ, ಏನೂ ಹೇಳುವುದಿಲ್ಲ. ನಾನೂ ಕಾಯುತ್ತೇನೆ. ಆಮೇಲೆ, ಒಂದು ಕಡೆಗೆ, ಸಣ್ಣ ಅಂಗೈಯ ಭಾರ ಬೀಳುತ್ತದೆ.